ಅಮಲು ಇಳಿದಾಗ ಬರುತ್ತಿದ್ದ ದೇವರು

ನಮ್ಮಪ್ಪನ ಮೈಮೇಲೆ ಮೈಲಾರಲಿಂಗ ಎಂದೂ ಬಂದಿರಲಿಲ್ಲ. ಅಪ್ಪನಿಗೆ ಸೇಂದಿ ಸಿಕ್ಕಿರಲಿಲ್ಲ, ಅಷ್ಟೇ. ಅವನು ಸತ್ತಾಗ ದೇವರೇ ಕರೆದುಕೊಂಡ ಎಂದು ಊರೆಲ್ಲ ಹೇಳಿತು. ಅದೂ ಸುಳ್ಳು. ಅವನ ಪಾಲಿನ ಸೇಂದಿಯನ್ನು ಎರಡು ದಿನ ನಾನು ಬೇವಿನ ಗಿಡದ ಬುಡಕ್ಕೆ ಸುರಿದಿದ್ದೆ. ಆಗ ನನಗೆ ಹತ್ತು ವರ್ಷ. ಈ ಮಾತು ನನ್ನ ಬಾಯಿಂದ ಹೊರಗೆ ಬರಲು ನಲವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ಬಂದದ್ದೂ ನಮ್ಮ ಮನೆಯಲ್ಲಲ್ಲ, ಗದ್ವಾಲದಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಗುರುತಿಲ್ಲದ ಹತ್ತು ಹನ್ನೊಂದು ಮಂದಿಯ ಮುಂದೆ.

ನಮ್ಮ ಮನೆ ತೆಲಂಗಾಣದ ಗಡಿಯ ಮಕ್ತಲ್‌ನಿಂದ ಕೃಷ್ಣಾ ಹೊಳೆಯ ಕಡೆ ಹೋಗುವ ದಾರಿಯಲ್ಲಿನ ಒಂದು ಹಳ್ಳಿಯ ಕೊನೆಯ ಮನೆ. ಈಗಲೂ ಅಲ್ಲೇ ಇದ್ದೇನೆ, ಬೇರೆ ಮನೆಯ ರುಚಿ ನನಗೆ ಗೊತ್ತಿಲ್ಲ. ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ. ಮುಂದೆ ಪಡಸಾಲೆ, ಅದರ ಒಂದು ಮಗ್ಗುಲಿಗೆ ನೆಲದಲ್ಲಿ ಗುಂಡಿ ತೋಡಿ ಹೂಡಿದ ಅಪ್ಪನ ಕಂಬಳಿ ಮಗ್ಗ. ಒಳಗೆ ನಡುಮನೆ, ಅದರ ಗೋಡೆಯಲ್ಲಿ ಬೀರಪ್ಪ, ಮೈಲಾರಲಿಂಗ ಇಬ್ಬರೂ ಕೂತ ಒಂದು ಗೂಡು. ಹಿಂದೆ ಅಡುಗೆಮನೆ, ಆಮೇಲೆ ಹಿತ್ತಲು, ಹಿತ್ತಲಲ್ಲಿ ಬೇವು. ನಡುಮನೆಯ ಮಾಳಿಗೆಯಲ್ಲಿ ಅಂಗೈಯಗಲದ ಬೆಳಕಿಂಡಿಯೊಂದಿತ್ತು. ಮಧ್ಯಾಹ್ನ ಅದರೊಳಗಿಂದ ಬಿಸಿಲು ಕೋಲಿನ ಹಾಗೆ ಇಳಿದು ನೆಲಕ್ಕೆ ತಾಗುತ್ತಿತ್ತು. ಆ ಕೋಲಿನೊಳಗೆ ಉಣ್ಣೆಯ ಎಳೆಗಳು ಏರುತ್ತಿದ್ದವು, ಇಳಿಯುತ್ತಿದ್ದವು. ಯಾವುದಕ್ಕೂ ಅವಸರವಿರಲಿಲ್ಲ. ನಾನು ಕಂಬಳಿಯ ಮೇಲೆ ಅಂಗಾತ ಮಲಗಿ ನೋಡುತ್ತಿದ್ದೆ. ಪಡಸಾಲೆಯಲ್ಲಿ ಮಗ್ಗದ ಸದ್ದು, ಕಂಬಳಿಗೆ ಬಳಿಯಲು ಅವ್ವ ಕುದಿಸುತ್ತಿದ್ದ ಹುಣಸೆಬೀಜದ ಗಂಜಿಯ ವಾಸನೆ, ಅದರ ಜೊತೆಗೆ ಸೇಂದಿಯ ಹುಳಿವಾಸನೆ. ಮನೆಯೆಂದರೆ ನನಗೆ ಇವತ್ತಿಗೂ ಆ ಮೂರು. ಮೂರನೆಯದು ಬೇಡವೆಂದರೂ ಬರುತ್ತದೆ.

ಅಪ್ಪ ಕೆಟ್ಟವನಲ್ಲ. ಹೊಡೆಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಕುಡಿದರೆ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಹಾಗೇ ಕೂತಿರುತ್ತಿದ್ದ, ಕರೆದರೆ ನಗುತ್ತಿದ್ದ. ಬೆಳಿಗ್ಗೆ ಊರ ಹೊರಗಿನ ಈಚಲ ಬನದ ಅಂಗಡಿಯಲ್ಲಿ ಕುಡಿದು ಬರುತ್ತಿದ್ದ. ಸಂಜೆಯದನ್ನು ನಾನು ಹಿತ್ತಾಳೆ ತಂಬಿಗೆಯಲ್ಲಿ ತರುತ್ತಿದ್ದೆ. ಈಚಲ ಹಾಲಷ್ಟೇ ಆಗಿದ್ದರೆ ಮಾತು ಬೇರೆ. ಅದಕ್ಕೆ ಏನೋ ಪುಡಿ ಕಲಸುತ್ತಿದ್ದರು. ಹೆಸರು ನಮಗೆ ಗೊತ್ತಿರಲಿಲ್ಲ, ಅದರ ಕೆಲಸ ಮಾತ್ರ ಗೊತ್ತಿತ್ತು. ಊಟದ ಹೊತ್ತು, ಮಾತಾಡುವ ಹೊತ್ತು, ನೆಂಟರ ಮನೆಗೆ ಹೋಗುವ ಹೊತ್ತು, ಎಲ್ಲವನ್ನೂ ನಮ್ಮ ಮನೆಯಲ್ಲಿ ಆ ತಂಬಿಗೆ ನೋಡಿಕೊಂಡು ಗೊತ್ತು ಮಾಡುತ್ತಿದ್ದರು. ಅಪ್ಪ ಎಲ್ಲಿ ಎಂದು ಯಾರಾದರೂ ಕೇಳಿದರೆ ಅವ್ವ, ಜ್ವರ ಬಂದೈತಿ, ಮಲಗ್ಯಾರ ಎನ್ನುತ್ತಿದ್ದಳು. ವರ್ಷಕ್ಕೆ ಅಷ್ಟು ಜ್ವರ ಬರುವ ಮನುಷ್ಯ ಬದುಕುವುದು ಹೇಗೆ ಎಂದು ಯಾರೂ ಕೇಳಲಿಲ್ಲ. ಅವರ ಮನೆಗಳಲ್ಲೂ ಜ್ವರವಿತ್ತು.

ನಾನು ಎಂಟು ವರ್ಷದವಳಿದ್ದಾಗ ಈಚಲ ಬನದವರಲ್ಲಿ ಏನೋ ಜಗಳವಾಗಿ ಅಂಗಡಿ ಮುಚ್ಚಿತು. ಒಂದು ದಿನ ಅಪ್ಪ ಸುಮ್ಮನಿದ್ದ. ಎರಡನೆಯ ದಿನ ಕೈ ನಡುಗಿ ಲಾಳಿ ಹಿಡಿಯಲಾಗಲಿಲ್ಲ. ಮೂರನೆಯ ದಿನ ಮಧ್ಯಾಹ್ನ ನಡುಮನೆಗೆ ಬಂದು ಗೋಡೆಗೆ ಬೆನ್ನು ಹಚ್ಚಿ ಕೂತ. ಮೈಯೆಲ್ಲ ಬೆವರು. ಕಣ್ಣು ಬೆಳಕಿಂಡಿಯ ಕೋಲಿನ ಮೇಲೆ.

“ಕುರಿ ಬಂದಾವ. ಬಾಗ್ಲಾ ತಗೀರಿ. ನೀರಾಗ ನಿಂತಾವ. ತೇಲಾಕ ಹತ್ಯಾವ ನೋಡ್ರಿ, ತೇಲಾಕ ಹತ್ಯಾವ.”

ಅಲ್ಲಿ ಕುರಿಯೂ ಇರಲಿಲ್ಲ, ನೀರೂ ಇರಲಿಲ್ಲ. ನಾನು ಅವನು ನೋಡುತ್ತಿದ್ದ ಕಡೆಗೇ ನೋಡಿದೆ. ಬಿಸಿಲಲ್ಲಿ ಉಣ್ಣೆಯ ಎಳೆಗಳು ತೇಲುತ್ತಿದ್ದವು. ಒಂದು ಗಳಿಗೆ ನನಗೂ ಅವು ಕುರಿಗಳ ಹಾಗೇ ಕಂಡವು, ಬಿಳಿ ಕುರಿ, ಸಣ್ಣ ಸಣ್ಣವು, ಸದ್ದಿಲ್ಲದೆ ಹೊಳೆ ದಾಟುವಂಥವು. ಅಷ್ಟರಲ್ಲಿ ಅಪ್ಪನ ಮೈಯೆಲ್ಲ ಅದುರತೊಡಗಿತು, ಹಲ್ಲು ಕಟಕಟ ಎಂದವು. ಅಪ್ಪನ ಅವ್ವ, ನಮ್ಮ ಆಯಿ, ಜೋಳ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟು ಎದ್ದು ಬಂದಳು. ಮಗನನ್ನು ಒಮ್ಮೆ ನೋಡಿದಳು, ಗೂಡಿನಲ್ಲಿದ್ದ ಮೈಲಾರಲಿಂಗನನ್ನು ಒಮ್ಮೆ ನೋಡಿದಳು.

“ಬಂದಾನ,” ಅಂದಳು. “ಭಂಡಾರ ತಾ.”

ಭಂಡಾರವೆಂದರೆ ಮೈಲಾರಲಿಂಗನ ಅರಿಶಿನ ಪುಡಿ. ಆಯಿ ಅದನ್ನು ಹಿಡಿಹಿಡಿಯಾಗಿ ಅಪ್ಪನ ಹಣೆಗೆ, ಎದೆಗೆ, ತೋಳಿಗೆ ಬಡಿದಳು. ಬೆಳಕಿನ ಕೋಲು ಬುಡದಿಂದ ತುದಿಯವರೆಗೂ ಹಳದಿಯಾಯಿತು. ಆ ಹಳದಿ ಈಗಲೂ ನನ್ನ ಕನಸಿನಲ್ಲಿ ಬರುತ್ತದೆ. ಕನಸಿನಲ್ಲಿ ಅದಕ್ಕೆ ನೆಲವಿಲ್ಲ, ಗೋಡೆಯಿಲ್ಲ, ಬರೀ ಹಳದಿ, ಅದರ ನಡುವೆ ಅಪ್ಪ. ಓಣಿಯ ಹೆಂಗಸರು ಬಂದು ನಿಂತರು, ಅವರ ಹಿಂದೆ ಗಂಡಸರು. ಮಳೆ ಬರುತ್ತದೆಯೇ, ಮಗಳಿಗೆ ಗಂಡು ಸಿಗುತ್ತದೆಯೇ ಎಂದು ಕೇಳಿದರು. ಅಪ್ಪ ಎಲ್ಲಕ್ಕೂ ನೀರು, ನೀರು ಅನ್ನುತ್ತಿದ್ದ. ಅವನಿಗೆ ಬಾಯಾರಿತ್ತು. ಯಾರೂ ಕುಡಿಯಲು ನೀರು ಕೊಡಲಿಲ್ಲ, ದೇವರ ಹೇಳಿಕೆಯಾಯಿತು ಎಂದು ಕೈ ಮುಗಿದರು.

ಸಂಜೆ ಅಂಗಡಿ ತೆರೆಯಿತು. ನಾನು ತಂಬಿಗೆ ತಂದೆ. ಕುಡಿದ ಸ್ವಲ್ಪ ಹೊತ್ತಿಗೆ ನಡುಕ ನಿಂತಿತು, ಅಪ್ಪ ಕಂಬಳಿಯ ಮೇಲೆ ಮಲಗಿದ. ಆಯಿ ಬೆರಳು ನೆಟಿಗೆ ಮುರಿದು ಹೇಳಿದಳು.

“ಇಳದ ನೋಡು.”

ಆಮೇಲೆ ಅಂಗಡಿ ಮುಚ್ಚಿದಾಗಲೆಲ್ಲ, ಕೈಯಲ್ಲಿ ದುಡ್ಡಿಲ್ಲದಾಗಲೆಲ್ಲ ಹೀಗೇ ಆಯಿತು. ನಮ್ಮ ಮಾತಿನಲ್ಲಿ ದೇವರೂ ಏರುತ್ತಾನೆ, ಇಳಿಯುತ್ತಾನೆ. ಅಮಲೂ ಏರುತ್ತದೆ, ಇಳಿಯುತ್ತದೆ. ಮಾತು ಒಂದೇ. ನಮ್ಮ ಮನೆಯ ತಪ್ಪು ಆ ಒಂದು ಮಾತಿನಲ್ಲಿತ್ತು. ಅಪ್ಪನಿಗೆ ಅಮಲು ಇಳಿದಾಗ ದೇವರು ಏರುತ್ತಿದ್ದ, ಅಮಲು ಏರಿದಾಗ ದೇವರು ಇಳಿಯುತ್ತಿದ್ದ. ತಂಬಿಗೆ ಹಿಡಿದು ತಿರುಗುವವಳು ನಾನಾದ್ದರಿಂದ ನನಗೆ ಮಾತ್ರ ಅದು ಕಂಡಿತು. ಮಂಗಳಾರತಿಗೆ ಇಳಿಯದ ದೇವರು ತಂಬಿಗೆಗೆ ಇಳಿಯುತ್ತಿದ್ದ.

ಅವ್ವನಿಗೂ ಅನುಮಾನವಿತ್ತು. ಒಂದು ದಿನ ರೊಟ್ಟಿ ಬಡಿಯುತ್ತಾ, ಆಯಿಯ ಮುಖ ನೋಡದೆ ಮಾತು ತೆಗೆದಳು.

“ಅತ್ತಿ, ನಮ್ಮ ತಮ್ಮ ನಾರಾಯಣಪೇಟಿ ದವಾಖಾನಿಗೆ ಒಮ್ಮಿ ತೋರಸ್ರಿ ಅಂದಾನ.”

“ಯಾರನ್ನ ತೋರಸ್ತಿ? ದೇವ್ರನ್ನ? ಡಾಕ್ಟರ ನಾಲಿಗಿ ತಗಿ ಅಂದ್ರ ಮೈಲಾರಲಿಂಗ ತಗೀತಾನೇನು?”

“ದೇವ್ರಲ್ರಿ, ಇವರನ್ನ.”

“ಇವರು ಯಾರು ಈಗ? ನಿನ್ನ ಗಂಡ ಅಂತ ತಿಳಕೊಂಡೀಯಾ ಇನ್ನೂ?”

ಅವ್ವ ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿದಳು, ದವಾಖಾನೆಯ ಮಾತು ಮತ್ತೆ ಎತ್ತಲಿಲ್ಲ. ಅವಳನ್ನು ಹೆದರುಪುಕ್ಕಲಿ ಎಂದು ಬಹಳ ವರ್ಷ ಬೈದುಕೊಂಡಿದ್ದೇನೆ. ನಿಜ ಹೇಳಬೇಕೆಂದರೆ ಅದು ಹೆದರಿಕೆಯಲ್ಲ, ಸುಖ. ಮೊದಲು ಬಾವಿಯ ಹತ್ತಿರ ಅವಳಿಗೆ ಎಲ್ಲರದೂ ಆದ ಮೇಲೆ ಜಾಗ, ಕುಡುಕನ ಹೆಂಡತಿ. ಈಗ ಹೆಂಗಸರು ಸರಿದು ದಾರಿ ಬಿಡುತ್ತಿದ್ದರು, ದೇವರು ಬರುವವನ ಹೆಂಡತಿ. ಯಾವ ಹೆಂಗಸು ಕೊಡವನ್ನು ಮತ್ತೆ ಹಿಂದಕ್ಕೆ ಒಯ್ದು ನಿಲ್ಲುತ್ತಾಳೆ. ನನಗೂ ಸುಖವಿತ್ತು. ಅಪ್ಪ ನಡುಗುವ ದಿನ ನಮ್ಮ ಮನೆಯಲ್ಲಿ ಪುಂಡಿಪಲ್ಯ ರೊಟ್ಟಿ ಇರುತ್ತಿರಲಿಲ್ಲ. ಜನ ಎಡೆ ತರುತ್ತಿದ್ದರು. ಬೆಲ್ಲದ ಹೋಳಿಗೆ, ಹುಗ್ಗಿ, ಮೇಲೆ ತುಪ್ಪ. ಬಾಯಿ ಸಿಹಿಯಾಗಿರುವಾಗ ನಡುಗುವ ಅಪ್ಪನ ಕಡೆ ನೋಡಬಾರದೆಂದು ಬೆನ್ನು ತಿರುಗಿಸಿ ಕೂತು ತಿನ್ನುತ್ತಿದ್ದೆ. ಸೇಂದಿ ಎನ್ನುವ ಮಾತು ಮನೆಯಿಂದ ಹೋಯಿತು. ತಂಬಿಗೆ ದೇವರ ಗೂಡಿನ ಮಗ್ಗುಲಿಗೆ ಬಂತು, ಅದರಲ್ಲಿದ್ದುದಕ್ಕೆ ತೀರ್ಥ ಎಂದು ಹೆಸರಾಯಿತು. ದೇವರು ಬರುವವನು ಅಂಗಡಿಯಲ್ಲಿ ಕೂರಬಾರದೆಂದು ಆಯಿ ಬೆಳಗಿನದನ್ನೂ ಮನೆಗೇ ತರಿಸತೊಡಗಿದಳು. ಅಂದರೆ ಅಪ್ಪನ ಬಾಯಿಗೆ ಬೀಳುವ ಹನಿಹನಿಯೂ ನನ್ನ ಕೈಯಿಂದಲೇ ಹೋಗಬೇಕು.

ಒಮ್ಮೆ ಶೇಂಗಾ ಸುಲಿಯುತ್ತಾ ಆಯಿಗೆ ಹೇಳಿಬಿಟ್ಟೆ.

“ಆಯಿ, ಸೇಂದಿ ಸಿಗಲಿಲ್ಲಂದ್ರ ಅಷ್ಟ ದೇವ್ರು ಬರ್ತಾನ. ಕುಡಿದ್ರ ಬರಂಗಿಲ್ಲ.”

ಹೊಡೆತ ಎಷ್ಟು ಜೋರಾಗಿ ಬಿತ್ತೆಂದರೆ ಬಾಯಲ್ಲಿದ್ದ ಶೇಂಗಾ ಹೊರಗೆ ಬಿತ್ತು. ಅವ್ವ ಒಲೆಯ ಮುಂದೆ ಕೂತಿದ್ದಳು. ತಿರುಗಿ ನೋಡಲಿಲ್ಲ. ಕಂಡದ್ದನ್ನು ಹೇಳಿದರೆ ಮನೆಯಲ್ಲಿ ಇಬ್ಬರಿಂದಲೂ ಏಟು, ಒಬ್ಬಳು ಕೈಯಿಂದ ಹೊಡೆಯುತ್ತಾಳೆ, ಇನ್ನೊಬ್ಬಳು ಬೆನ್ನಿಂದ, ಎಂದು ಅವತ್ತು ತಿಳಿಯಿತು. ಆಮೇಲೆ ನಾನು ಯಾರಿಗೂ ಏನೂ ಹೇಳಲಿಲ್ಲ, ಮಾಡಿಯೇ ಬಿಡುವವಳಾದೆ. ಜನ ನನ್ನನ್ನು ಮೊಂಡಿ ಎನ್ನುತ್ತಾರೆ. ಇರಬಹುದು.

ಬೆಳಿಗ್ಗೆ ಎದ್ದು ತಂಬಿಗೆ ಬರುವವರೆಗಿನ ಹೊತ್ತು ಅಪ್ಪನದೇ ಆಗಿತ್ತು. ಮಗ್ಗದ ಗುಂಡಿಯ ದಂಡೆಯಲ್ಲಿ ನನ್ನನ್ನು ಕೂರಿಸಿಕೊಂಡು ಕರಿ ಉಣ್ಣೆ, ಬಿಳಿ ಉಣ್ಣೆ ಬೇರೆ ಮಾಡಿಸುತ್ತಿದ್ದ. ನನ್ನ ಹತ್ತನೆಯ ವರ್ಷದ ಒಂದು ಬೆಳಿಗ್ಗೆಯೂ ಹಾಗೇ ಕೂತಿದ್ದೆವು. ಅವನ ಬೆರಳು ಆಗಲೇ ಸಣ್ಣಗೆ ಅದುರುತ್ತಿತ್ತು. ಅದನ್ನೇ ನೋಡುತ್ತಾ, ಬೇರೆ ಯಾರದೋ ಬೆರಳೆನ್ನುವ ಹಾಗೆ ನುಡಿದ.

“ಬೀರಿ, ನನಗ ಇದು ಸಾಕಾಗೈತವ್ವ. ನಾ ಬಿಡ್ತೀನಂದ್ರೂ ಅದು ನನ್ನ ಬಿಡವಲ್ದು.”

ಬೀರವ್ವ ಎನ್ನುವ ನನ್ನ ಹೆಸರನ್ನು ಬೀರಿ ಎಂದು ಕರೆಯುತ್ತಿದ್ದವನು ಅವನೊಬ್ಬನೇ. ಅದು ಬಿಡದಿದ್ದರೆ ನಾನೇ ಬಿಡಿಸುತ್ತೇನೆ ಎಂದುಕೊಂಡೆ. ಅಂಗಡಿಯಿಂದ ತಂಬಿಗೆ ತುಂಬಿಸಿಕೊಂಡು ಬಂದು, ಹಿತ್ತಲಿನಿಂದ ಒಳಹೊಕ್ಕು, ಬೇವಿನ ಬುಡಕ್ಕೆ ಸುರಿದೆ. ಮಣ್ಣು ಬುಸುಬುಸು ಎಂದು ಹೀರಿಕೊಂಡಿತು. ಅಂಗಡಿಯಾಗ ಮುಗದೈತಿ ಎಂದು ಆಯಿಗೆ ಹೇಳಿದೆ. ಎರಡು ದಿನ ಹೀಗೇ ಮಾಡಿದೆ. ಎರಡನೆಯ ದಿನ ದೇವರು ಬಂದ. ಜನ ಬಂದರು, ಹೋಳಿಗೆ ಬಂತು. ನಾನು ತಿನ್ನಲಿಲ್ಲ. ಇನ್ನೊಂದು ದಿನ ತಡೆದರೆ ಅದು ಅವನನ್ನು ಬಿಟ್ಟು ಹೋಗುತ್ತದೆ, ಬೆಳಗಿನ ಅಪ್ಪ ಸಂಜೆಯವರೆಗೂ ಉಳಿಯುತ್ತಾನೆ ಎಂದು ಕಾಯುತ್ತಿದ್ದೆ. ಮೂರನೆಯ ದಿನ ಅಂಗಡಿಗೇ ಹೋಗಲಿಲ್ಲ. ಬೆಳಕಿನ ಕೋಲು ನೆಲ ಮುಟ್ಟುವ ಹೊತ್ತಿಗೆ ಅಪ್ಪ ಒಮ್ಮೆಗೇ ಸೆಟೆದು ಬಿದ್ದ. ಬಾಯಲ್ಲಿ ನೊರೆ. ಕಾಲು ನೆಲಕ್ಕೆ ಬಡಿಯುತ್ತಿತ್ತು, ಆಮೇಲೆ ಬಡಿಯಲಿಲ್ಲ. ಹೆಂಗಸರು ಏಳು ಕೋಟಿ ಏಳು ಕೋಟಿ ಎಂದು ಮೈಲಾರಲಿಂಗನ ಘೋಷ ಕೂಗುತ್ತಾ ಭಂಡಾರ ಎರಚುತ್ತಲೇ ಇದ್ದರು. ಪುಡಿ ನಿಧಾನವಾಗಿ ಅವನ ತೆರೆದ ಕಣ್ಣಿನ ಮೇಲೆ ಕೂರುವುದನ್ನು ನೋಡಿದೆ. ಅವನು ಕಣ್ಣು ಪಿಳುಕಿಸಲಿಲ್ಲ. ಮನೆಯಲ್ಲಿ ಅದು ನನಗೆ ಎಲ್ಲರಿಗಿಂತ ಮೊದಲು ತಿಳಿಯಿತು.

ಯಾರೂ ನನ್ನನ್ನು ಏನೂ ಕೇಳಲಿಲ್ಲ. ದೇವರು ತನ್ನವನನ್ನು ಕರೆದುಕೊಂಡನೆಂದು ಆಯಿ ಅಳಲೇ ಇಲ್ಲ. ಹಿತ್ತಲಲ್ಲಿ ಒಂದು ಕಲ್ಲು ನಿಲ್ಲಿಸಿದರು. ಎಲ್ಲಿ ಎಂದರೆ ಬೇವಿನ ಬುಡದಲ್ಲೇ, ಬೇರೆ ಜಾಗವೇ ಸಿಗದವರ ಹಾಗೆ. ದಿನಾ ಅದಕ್ಕೆ ಭಂಡಾರ ಹಚ್ಚುವುದು, ಬಂದವರಿಗೆ ಕಾಗದದಲ್ಲಿ ಚಿಟಿಕೆ ಕಟ್ಟಿ ಕೊಡುವುದು ಆಯಿಯ ಕೆಲಸವಾಯಿತು, ಆಮೇಲೆ ಅವ್ವನದು, ಆಮೇಲೆ ನನ್ನದು. ಗಂಡು ಮಕ್ಕಳಿಲ್ಲದ ಮನೆಯೆಂದು ನನ್ನ ಗಂಡನನ್ನೇ ಮನೆಯಳಿಯನಾಗಿ ತಂದರು. ಅವನು ಕುಡಿಯುತ್ತಿರಲಿಲ್ಲ, ಕುರಿ ಕಾಯ್ದ, ಒಬ್ಬ ಮಗನನ್ನು ಕೊಟ್ಟ, ತೀರಿಹೋದ. ಜೂರಾಲದ ಹತ್ತಿರ ಹೊಳೆಗೆ ಆಣೆಕಟ್ಟು ಬಂದು ನೀರು ನಿಂತಾಗ ಊರವರಿಗೆ ಅಪ್ಪನ ತೇಲುವ ಕುರಿ ನೆನಪಾಯಿತು, ಆಗಲೇ ಹೇಳಿದ್ದನಲ್ಲ ಎಂದರು. ಕಲ್ಲಿಗೆ ತೆಂಗಿನಕಾಯಿ ಹೆಚ್ಚಾದವು. ಗಂಡನಿಗೆ, ಮಗನಿಗೆ ಮೈ ಅದುರುತ್ತಿದೆ ಎಂದು ಬಂದ ಹೆಂಗಸರಿಗೆಲ್ಲ ನಾನು ಚಿಟಿಕೆ ಕಟ್ಟಿ ಕೊಟ್ಟಿದ್ದೇನೆ. ಏನು ಎಂದು ಗೊತ್ತಿದ್ದೂ ಕೊಟ್ಟಿದ್ದೇನೆ. ಮೈಲಾರಲಿಂಗನ ಮೇಲೆ ನನಗೆ ಸಿಟ್ಟಿಲ್ಲ. ಅವನು ನಮ್ಮ ಮನೆಗೆ ಬಂದೇ ಇರಲಿಲ್ಲ, ಅವನದೇನು ತಪ್ಪು.

ತೆಲಂಗಾಣ ಬಂತು. ಮಕ್ತಲ್‌ನಲ್ಲಿ ಪಟಾಕಿ, ಗುಲಾಲು, ಕುಣಿತ. ಟ್ರ್ಯಾಕ್ಟರ್ ನಡೆಸುವ ನನ್ನ ಮಗ ಮೈಲಾರಿ ಮುಖವೆಲ್ಲ ಗುಲಾಬಿ ಬಣ್ಣ ಮಾಡಿಕೊಂಡು ಬಂದು, ಅವ್ವಾ ನಮ್ಮ ರಾಜ್ಯ ಬಂತು ಎಂದು ನನ್ನನ್ನು ಎತ್ತಿ ತಿರುಗಿಸಿದ. ಅವನ ಬಾಯಿಂದ ಬಂದದ್ದು ಅದೇ ಹುಳಿವಾಸನೆ. ಅವನೂ ಕುಡಿಯುತ್ತಿದ್ದ, ನಾನೂ ಜ್ವರ ಎನ್ನುತ್ತಿದ್ದೆ. ಆಮೇಲೆ ಕೆಲವೇ ದಿನಗಳಲ್ಲಿ, ಪುಡಿ ಬೆರೆಸುತ್ತಾರೆಂದು ಅಬಕಾರಿಯವರು ಊರಿನ ಸೇಂದಿ ಅಂಗಡಿಗೆ ಬೀಗ ಹಾಕಿದರು. ಎರಡನೆಯ ದಿನ ಮಧ್ಯಾಹ್ನ ನಾನು ಹೊಲದಿಂದ ಬಂದಾಗ ಮೈಲಾರಿ ನಡುಮನೆಯಲ್ಲಿ ಗೋಡೆಗೆ ಬೆನ್ನು ಹಚ್ಚಿ ಕೂತಿದ್ದ. ಅದುರುತ್ತಿದ್ದ. ಕಿವಿಯ ಹಿಂದೆ ಗುಲಾಬಿ ಬಣ್ಣ ಇನ್ನೂ ಉಳಿದಿತ್ತು. ಸೊಸೆ ಸಾವಿತ್ರಿ ಕೊತ್ತಪಲ್ಲಿಯ ಹುಡುಗಿ, ಹತ್ತನೆಯ ಕ್ಲಾಸು ಓದಿದವಳು. ಅವಳ ಕೈಯಲ್ಲಿ ಭಂಡಾರದ ತಟ್ಟೆ.

“ಅತ್ತಿ, ಮುತ್ಯಾನ ಮ್ಯಾಗ ಬರ್ತಿದ್ದ ದೇವ್ರು ಇವರ ಮ್ಯಾಗ ಬಂದಾನ್ರಿ.”

ಅವಳಿಗೆ ಹಾಗೆ ಹೇಳಿಕೊಟ್ಟವಳು ನಾನೇ. ತಟ್ಟೆಯನ್ನು ಕಿತ್ತುಕೊಂಡೆ. ಬೆಳಕಿನ ಕೋಲಿನೊಳಗೆ ಹಳದಿ ಏಳುವ ಮೊದಲೇ ಮುಚ್ಚಳ ಹಾಕಿದೆ.

“ದೇವ್ರಲ್ಲ ಇದು, ಸೇಂದಿ. ಚಪ್ಪಲಿ ಮೆಟ್ಟು. ಆಟೋದವನಿಗೆ ಕೂಗು.”

ಜೂರಾಲದ ಆಣೆಕಟ್ಟಿನ ಮೇಲಿನ ರಸ್ತೆಯಲ್ಲಿ ಆಟೋ ಹೋಗುವಾಗ ಒಂದು ಮಗ್ಗುಲಿಗೆ ನೀರು ಆಕಾಶದವರೆಗೆ ಮಲಗಿತ್ತು. ಬಿಸಿಲು ಅದರ ಮೇಲೆ ಚೂರು ಚೂರಾಗಿ ಹೊಳೆಯುತ್ತಿತ್ತು. ಮೈಲಾರಿಯ ತಲೆ ನನ್ನ ತೊಡೆಯ ಮೇಲೆ. ಕುರಿ, ಕುರಿ ಎಂದು ಬೆರಳು ತೋರಿಸಿದ. ಕುರಿಯವರ ಮನೆಯಲ್ಲಿ ಹುಟ್ಟಿದವನಿಗೆ ಆನೆ ಕಾಣುತ್ತದೆಯೇ. ಆದರೂ ನಾನು ಆ ಕಡೆ ನೋಡಿದೆ. ನೀರಿನ ಮೇಲಿನ ಹೊಳಪುಗಳು ಒಂದರ ಹಿಂದೆ ಒಂದು ಸದ್ದಿಲ್ಲದೆ ದಾಟುತ್ತಿದ್ದವು. ಎಷ್ಟೋ ಹೊತ್ತು ನಾನು ಆಟೋದಲ್ಲಿರಲಿಲ್ಲ, ಕಂಬಳಿಯ ಮೇಲೆ ಅಂಗಾತ ಮಲಗಿದ್ದೆ.

ಗದ್ವಾಲದ ಆಸ್ಪತ್ರೆಯಲ್ಲಿ ಬಿಳಿ ಸೀರೆಯ ಸಿಸ್ಟರಮ್ಮ ತೆಲುಗಿನಲ್ಲಿ ಒಂದು ಮಾತು ಕೇಳಿ, ನನ್ನ ಮುಖ ನೋಡಿ ಕನ್ನಡಕ್ಕೆ ಹೊರಳಿದಳು.

“ಸೇಂದಿ ಇಲ್ದ ಎಷ್ಟು ದಿನ ಆತು?”

“ಎರಡು.”

ಡಾಕ್ಟರರು ಮೈಲಾರಿಗೆ ಸೂಜಿ ಚುಚ್ಚಿ ಮಲಗಿಸಿದರು. ಅಪ್ಪನ ಬೆಳಗಿನ ಮುಖವೇ ಅವನ ಮುಖದ ಮೇಲೆ ಬಂದ ಮೇಲೆ ಸಿಸ್ಟರಮ್ಮ ನನ್ನ ಹತ್ತಿರ ನಿಂತಳು.

“ಹೊತ್ತಿಗೆ ತಂದ್ರಿ ಅವ್ವ. ಇದನ್ನ ಒಮ್ಮಿಗೇ ನಿಲ್ಲಿಸಿದ್ರ ಫಿಟ್ಸ್ ಬಂದು ಜೀವಾನ ಹೋಗ್ತೈತಿ. ದವಾಖಾನಿಯಾಗ ಇಟ್ಕೊಂಡು, ಗುಳಿಗಿ ಕೊಟ್ಟು ಬಿಡಿಸಬೇಕು.”

“ಹಿಂದಿನ ಕಾಲದಾಗೂ ಹಿಂಗ ಇತ್ತೇನವ್ವ?”

“ಯಾವ ಕಾಲದಾಗೂ ಹಿಂಗ.”

ಅಪ್ಪನ ಸಾವಿನ ಬಗ್ಗೆ ಅಲ್ಲಿಯವರೆಗೆ ನನಗೆ ಅನುಮಾನವಿತ್ತು, ಅವತ್ತು ಗೊತ್ತಾಯಿತು. ಬೆಂಚಿನ ಮೇಲೆ ಕೂತೆ. ಸಿಸ್ಟರಮ್ಮ ಒಂದು ಚೀಟಿ ಕೊಟ್ಟಳು. ಗುರುವಾರ ಗುರುವಾರ ಕುಡಿಯುವವರ ಮನೆಯವರೆಲ್ಲ ಹಿಂದಿನ ಕೋಣೆಯಲ್ಲಿ ಕೂಡುತ್ತಾರೆ, ಬನ್ನಿ ಎಂದಳು. ಚೀಟಿ ತೆಲುಗಿನಲ್ಲಿತ್ತು. ಎರಡನೆಯ ಇಯತ್ತೆಯ ಕನ್ನಡ ನನ್ನದು, ಆದರೆ ಎರಡೂ ಅಕ್ಷರ ಅಕ್ಕತಂಗಿಯರ ಹಾಗೆ, ತಲೆಯ ಮೇಲಿನ ಗೆರೆ ಮಾತ್ರ ಬೇರೆ. ಕೂಡಿಸಿ ಕೂಡಿಸಿ ಓದಿದೆ.

“ನಾ ಕುಡಿಯಂಗಿಲ್ಲ ತಾಯಿ, ನನಗ್ಯಾಕ?”

“ಕುಡಿಯೋರಿಗೆ ಬ್ಯಾರೆ ದಿನ ಐತಿ. ಇದು ನಿಮಗ. ನೀವು ಹೆಂಗಿದ್ದೀರಿ?”

ಆ ಮಾತನ್ನು ಅಲ್ಲಿಯವರೆಗೆ ನನ್ನನ್ನು ಯಾರೂ ಕೇಳಿರಲಿಲ್ಲ. ಎದ್ದು ಹೋಗಿ ಮೈಲಾರಿಯ ಹಾಸಿಗೆಯ ಹತ್ತಿರ ನಿಂತೆ.

ಗುರುವಾರ ಸಾವಿತ್ರಿ ಎಳೆದುಕೊಂಡು ಹೋದಳು. ಎಲ್ಲ ಹೆಂಗಸರೇ, ಒಬ್ಬ ಮುದುಕನ ಹೊರತು. ಇಲ್ಲಿ ಯಾರೂ ಯಾರಿಗೂ ಬುದ್ಧಿ ಹೇಳುವಂತಿಲ್ಲ ಎಂದು ಸಿಸ್ಟರಮ್ಮ ಮೊದಲೇ ಹೇಳಿದಳು. ಬುದ್ಧಿ ಹೇಳಬಾರದೆಂದರೆ ಹೆಂಗಸರು ಮಾತಾಡುವುದಾದರೂ ಏನು ಎಂದುಕೊಂಡೆ. ಐಜ ಎಂಬ ಊರಿನಿಂದ ಬಂದ ಹತ್ತಿ ಬಿಡಿಸುವ ಹೆಂಗಸೊಬ್ಬಳು ನನ್ನ ಮಗ್ಗುಲಿಗೆ ಕೂತಿದ್ದಳು. ಅವಳೇ ಮೊದಲು ಶುರು ಮಾಡಿದಳು.

“ನಮ್ಮ ಮನಿಯವರಿಗೆ ನಾನ ತಂದು ಕೊಡ್ತಿದ್ನ್ರಿ. ಕೊಟ್ರ ಮನಿ ತಣ್ಣಗ ಇರ್ತಿತ್ತು. ನಾ ಕುಡಿಲಿಲ್ಲ, ಕುಡಿಸಿದೆ.”

ಅವಳ ಮಾತು ಮುಗಿಯುವ ಮೊದಲೇ ನನ್ನ ಮಾತು ಶುರುವಾಗಿತ್ತು. ತಂಬಿಗೆ, ತೀರ್ಥ, ಹೋಳಿಗೆ, ಬೇವಿನ ಬುಡ, ಕಣ್ಣಿನ ಮೇಲೆ ಕೂತ ಹಳದಿ. ನಾನು ಕಟ್ಟಿ ಕೊಟ್ಟ ಚಿಟಿಕೆಗಳ ಮಾತನ್ನೂ ಬಿಡಲಿಲ್ಲ. ಸಾವಿತ್ರಿ ನನ್ನನ್ನೇ ನೋಡುತ್ತಿದ್ದಳು. ಮುಗಿದ ಮೇಲೆ ಯಾರೂ ನಿನ್ನ ತಪ್ಪಿಲ್ಲ ಎನ್ನಲಿಲ್ಲ. ಅಂದಿದ್ದರೆ ಎದ್ದು ಬರುತ್ತಿದ್ದೆ. ಐಜದ ಹೆಂಗಸು ಚಹಾದ ಲೋಟವನ್ನು ನನ್ನ ಕಡೆ ಸರಿಸಿದಳು.

“ಆರ್ತೈತಿ, ಕುಡೀರಿ,” ಅಂದಳು. ನಾನು ಒಂದು ಗುಟುಕು ಕುಡಿದ ಮೇಲೆ, “ಆಗ ನಿಮಗ ದಾರಿ ಗೊತ್ತಿರಲಿಲ್ರಿ. ಈಗ ಗೊತ್ತೈತಲ್ಲ.”

ಮರುದಿನ ಬೆಳಿಗ್ಗೆ ಹಿತ್ತಲ ಕಸ ಹೊಡೆಯುತ್ತಿದ್ದೆ. ಆಚೆ ಓಣಿಯ ನಾಗಮ್ಮ ಓಡಿ ಬಂದು ಕಲ್ಲಿನ ಮುಂದೆ ನಿಂತಳು. ನಮ್ಮೂರ ಅಂಗಡಿಗೆ ಬೀಗ ಬಿದ್ದ ಮೇಲೆ ಅವಳ ಗಂಡ ಪಕ್ಕದೂರಿಗೆ ಹೋಗಿ ಕುಡಿಯುತ್ತಿದ್ದ, ಈಗ ಅಲ್ಲಿಯೂ ಬೀಗ ಬಿದ್ದಿತ್ತು.

“ಬೀರವ್ವಕ್ಕ, ಒಂದು ಚಿಟಿಕಿ ಭಂಡಾರ ಕೊಡ್ರಿ. ನಮ್ಮ ಮನಿಯವರ ಮ್ಯಾಗ ದೇವ್ರು ಬಂದಾನ.”

ನಾನು ಭಂಡಾರದ ಡಬ್ಬಿಗೆ ಕೈ ಹಾಕಲಿಲ್ಲ. ಕಸಬರಿಗೆಯನ್ನು ಬೇವಿಗೆ ಆನಿಸಿಟ್ಟು ಕೇಳಿದೆ.

“ಸೇಂದಿ ಇಲ್ದ ಎಷ್ಟು ದಿನ ಆತು?”

ನಾಗಮ್ಮ ಕಲ್ಲಿನ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಆಮೇಲೆ ತಲೆ ತಗ್ಗಿಸಿ ಎರಡು ಬೆರಳು ತೋರಿಸಿದಳು.

“ಹಂಗಾರ ಇನ್ನೂ ಹೊತ್ತೈತಿ, ದವಾಖಾನಿಗೆ ನಡಿ,” ಎಂದು ಚಪ್ಪಲಿ ಮೆಟ್ಟಿದೆ.